ಮೂರು ಬೆರಳಿನ ಸಡಿಲು

ನಾನು ಹೇಳುತ್ತಿರುವುದು ನಮ್ಮ ಭಂಕೂರಿಗೆ ಬಾಡಿಗೆಯ ಶಾಮಿಯಾನ ಇನ್ನೂ ಕಾಲಿಡದ ಕಾಲದ ಮಾತು. ಆಗ ಮದುವೆಯೆಂದರೆ ನಾಲ್ಕು ಮನೆಗಳಿಂದ ತಾಡಪತ್ರಿ ಕೇಳಿ ತಂದು, ಬಿದಿರಿನ ಗಳ ನಿಲ್ಲಿಸಿ ಅಂಗಳಕ್ಕೆ ಹಂದರ ಹಾಕುತ್ತಿದ್ದರು. ಅದೇನು ಮಹಾ ಕೆಲಸ ಎನ್ನಬೇಡಿ. ನಮ್ಮದು ಕಲ್ಲಿನ ಸೀಮೆ. ಎರಡು ಬೆರಳು ಮಣ್ಣು ಕೆದರಿದರೆ ಕೆಳಗೆ ಫರಸಿ ಕಲ್ಲಿನ ಹಾಸು. ಹೊಡೆದ ಗೂಟ ಮುರಿಯುತ್ತಿತ್ತೇ ಹೊರತು ನೆಲಕ್ಕೆ ಇಳಿಯುತ್ತಿರಲಿಲ್ಲ. ಹಾಗಾಗಿ ಗಣಿಯಿಂದ ದಪ್ಪ ಕಲ್ಲು ಉರುಳಿಸಿ ತಂದು ಹಗ್ಗಗಳನ್ನು ಅವಕ್ಕೇ ಕಟ್ಟಬೇಕು. ಊರಲ್ಲಿ ಆ ಕಟ್ಟುವ ಕೆಲಸ ನಮ್ಮ ಮುತ್ಯಾನದು, ಅಂದರೆ ನನ್ನ ಅಪ್ಪನ ಅಪ್ಪನದು. ಮದುವೆ ನಿಶ್ಚಯವಾದರೆ ಮೊದಲು ಐನೋರಿಗೆ ಹೇಳಿಕೆ, ಆಮೇಲೆ ಮುತ್ಯಾನಿಗೆ. ಅವನು ಕಟ್ಟಿದ ಹಂದರ ಒಂದೂ ಬಿದ್ದಿಲ್ಲ ಎಂದು ಊರೇ ಹೇಳುತ್ತಿತ್ತು. ಅವನಿಗಿದ್ದ ಜಂಬ ಅದೊಂದೇ.

ಹಗ್ಗವನ್ನೂ ಅವನೇ ಹೊಸೆಯುತ್ತಿದ್ದ. ಹೊಲದ ಅಂಚಿಗೆ ಪುಂಡಿ ಬಿತ್ತುತ್ತಿದ್ದೆವು. ಎಳೆಯ ಎಲೆ ಅವ್ವನ ಪಲ್ಯಕ್ಕೆ, ಬಲಿತ ಕಡ್ಡಿ ಮುತ್ಯಾನ ಹಗ್ಗಕ್ಕೆ. ಕಡ್ಡಿಯ ಸಿವುಡುಗಳನ್ನು ಕಾಗಿಣಾ ಹೊಳೆಯ ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿಟ್ಟು, ಕೊಳೆತ ಮೇಲೆ ನಾರು ಸುಲಿಯುತ್ತಿದ್ದೆವು. ಆ ನಾತ ಏನು ಕೇಳುತ್ತೀರಿ! ಬೂದಿ ಹಚ್ಚಿ ಉಜ್ಜಿದರೂ ಕೈಬಿಡದು. ‘ಅಜ್ಜ ಮೊಮ್ಮಗಳು ಇಬ್ಬರೂ ಹೊರಗೇ ಕುಂದ್ರಿ’ ಎಂದು ಅವ್ವ ರೊಟ್ಟಿ, ಪುಂಡಿಪಲ್ಯ ಎಲ್ಲ ಕಟ್ಟೆಗೇ ತಂದು ಕೊಡುತ್ತಿದ್ದಳು. ಅದೇ ನಾತದ ಕೈಯಲ್ಲಿ ಮುರಿದು ತಿಂದ ರೊಟ್ಟಿಯ ರುಚಿ ಈಗಲೂ ನಾಲಿಗೆಯ ಮೇಲಿದೆ.

ನನಗೆ ಹತ್ತು ವರ್ಷವಿದ್ದಾಗ ಅಕ್ಕನ ಮದುವೆ ಗೊತ್ತಾಯಿತು. ಬೀಗರು ಸೇಡಂ ಕಡೆಯವರು, ಸ್ವಲ್ಪ ಠೀವಿಯ ಜನ. ಸೋದರಮಾವ ವಾಡಿಯಿಂದ ನೀಲಿ ನೈಲಾನ್ ಹಗ್ಗದ ಸುರುಳಿ ತಂದಿದ್ದ. ಬಿಸಿಲಿಗೆ ಅದು ಮಿರಮಿರ ಮಿಂಚುತ್ತಿತ್ತು. ಮುತ್ಯಾ ಅದಕ್ಕೊಂದು ಗಂಟು ಹಾಕಿ ಜಗ್ಗಿದ. ಗಂಟು ಸರ್ರನೆ ಬಿಚ್ಚಿಹೋಯಿತು.

“ಮೀನಿನಂಗ ಜಾರ್ತದಪ್ಪಾ ಇದು. ಬಾವಿಗಿ ಹಾಕ್ರಿ, ಹಂದರಕ್ಕ ಬ್ಯಾಡ” ಎಂದು ಸುರುಳಿಯನ್ನು ಪಕ್ಕಕ್ಕಿಟ್ಟ. ತೆಂಗಿನ ಹಗ್ಗವನ್ನೂ ಒಪ್ಪಲಿಲ್ಲ. ಅದು ಒರಟು, ಅಂಗೈ ತರಚುತ್ತದೆ, ಬಾಗುವುದೂ ಇಲ್ಲ. ಕೊನೆಗೆ ತನ್ನ ಪುಂಡಿ ಹಗ್ಗಗಳನ್ನೇ ಒಂದೊಂದಾಗಿ ಕಣ್ಣು ಮುಚ್ಚಿ ಬೆರಳ ನಡುವೆ ಎಳೆದು ನೋಡಿ, ಸಪೂರ ಆದದ್ದನ್ನು ತೆಗೆದುಹಾಕಿ, ಗಟ್ಟಿಯಾದ ನಾಲ್ಕನ್ನು ಆರಿಸಿದ.

ಕಟ್ಟುವ ಬಗೆ ಹೀಗೆ. ಹಗ್ಗದ ಒಂದು ತುದಿ ಗಳದ ತಲೆಗೆ, ನಡುವೆ ಒಂದು ಕುಣಿಕೆ, ಇನ್ನೊಂದು ತುದಿಯನ್ನು ಕಲ್ಲಿಗೆ ಸುತ್ತು ಹಾಕಿ ತಂದು ಆ ಕುಣಿಕೆಯಲ್ಲಿ ತೂರಿಸಿ ಜಗ್ಗುವುದು, ಕಡೆಗೆ ಒಂದೇ ಎಳೆತಕ್ಕೆ ಬಿಚ್ಚುವ ಜೀರುಗುಣಿಕೆ. ಆದರೆ ಪೂರ್ತಿ ಬಿಗಿಯುತ್ತಿರಲಿಲ್ಲ. ಹಗ್ಗದ ಮೇಲೆ ಮೂರು ಬೆರಳಿಟ್ಟು ಒತ್ತುತ್ತಿದ್ದ. ಅದು ಬಗ್ಗಬೇಕು.

“ಮುತ್ಯಾ, ಇಷ್ಟ್ ಸಡ್ಲ ಯಾಕ ಬಿಟ್ಟೀ?”

“ಪುಂಡಿ ಹಗ್ಗ ನೀರ್ ಕುಡದ್ರ ಗಿಡ್ಡ ಆಗ್ತದವ್ವಾ. ಈಗೇ ಜಗ್ಗಿ ಕಟ್ಟಿದ್ರ ಮಳಿ ಬಂದಾಗ ಅದು ಎಲ್ಲಿಗಿ ಹೋಗ್ಬೇಕು? ಗಳಾನೇ ಮುರೀತದ.”

“ಬ್ಯಾಸಗ್ಯಾಗ ಎಲ್ಲಿ ಮಳಿ?”

“ಮಳಿ ನಿನ್ನ ಕೇಳಿ ಬರ್ತದೇನು?” ಎಂದು ನಕ್ಕು ನನ್ನ ತಲೆಗೊಂದು ಮೊಟಕಿದ. ಅಂದರೆ ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳಲು ಬರುವಂತಿಲ್ಲ.

ಮದುವೆಯ ಬೆಳಿಗ್ಗೆ ಪಕ್ಕದ ಮನೆಯ ನೀಲಾ ಬಂದು, ತಲೆಯೆತ್ತಿ ನೋಡಿ, ಮೂಗು ಮುರಿದಳು. “ನಿಮ್ಮ ಹಂದರ ನಿಮ್ಮ ಮುತ್ಯಾನ ಗಲ್ಲದಂಗ ಜೋತಾಡಾಕತ್ತದಲ್ಲ. ಬೀಗರು ನಗ್ತಾರ ನೋಡು.” ನನಗೆ ಅವಮಾನವಾಯಿತು. ಮುತ್ಯಾ ಸ್ನಾನಕ್ಕೆ ಹೋಗಿದ್ದ. ಬೀಗರು ಒಳಬರುವ ಕಡೆಯ ಎರಡೂ ಹಗ್ಗಗಳನ್ನು ಬಿಚ್ಚಿದೆ. ನಾನು ಕಲ್ಲಿಗೆ ಕಾಲು ಕೊಟ್ಟು, ನೀಲಾ ಹಿಂದಿನಿಂದ ನನ್ನ ಸೊಂಟ ಹಿಡಿದು, ಇಬ್ಬರೂ ಮೈಭಾರ ಬಿಟ್ಟು ಜಗ್ಗಿದೆವು. ಜೀರುಗುಣಿಕೆ ನನಗೆ ಸರಿಯಾಗಿ ಬರುತ್ತಿರಲಿಲ್ಲ. ಒಂದರ ಮೇಲೊಂದು ಮೂರು ಕಗ್ಗಂಟು ಹಾಕಿದೆ. ತಾಡಪತ್ರಿ ಬಾರಿಸುವ ಹಲಗೆಯ ಚರ್ಮದಂತೆ ನೆಟ್ಟಗಾಯಿತು. ನಾನು ಬೀಗಿಹೋದೆ.

ಅಕ್ಷತೆ ಬಿದ್ದು, ಬೀಗರ ಪಂಕ್ತಿಗೆ ಹುಗ್ಗಿ ಬಡಿಸುತ್ತಿದ್ದಾಗ ಹೊಳೆಯ ಕಡೆಯಿಂದ ಮೋಡ ಎದ್ದಿತು. ದಪ್ಪ ಹನಿ ಶುರುವಾದದ್ದೇ ತಡ, ಮುತ್ಯಾ ಎಲೆಯ ಮುಂದಿನಿಂದ ಎದ್ದು ಎಂಜಲು ಕೈಯಲ್ಲೇ ಓಡಿದ. ಹಿಂದಿನ ಎರಡು ಹಗ್ಗಗಳನ್ನು ಒಂದೊಂದು ಎಳೆತಕ್ಕೆ ಬಿಚ್ಚಿ ಇನ್ನಷ್ಟು ಸಡಿಲಿಸಿ ಕಟ್ಟಿದ. ಅಷ್ಟರಲ್ಲಿ ಮಳೆ ಜೋರಾಗಿ ಮುಂದಿನ ಹಗ್ಗಗಳು ನೆನೆದು ಸೆಟೆದಿದ್ದವು. ಅವನು ಅಲ್ಲಿಗೆ ಬಂದು ಎಳೆದ. ಬಿಚ್ಚಲಿಲ್ಲ. ಬಗ್ಗಿ ನೋಡಿದ. ಗಂಟಿಗೆ ಹಲ್ಲು ಹಾಕಿದ. ಚಟ್ ಎಂದು ಮುಂದಿನ ಗಳ ಸೀಳಿ ಮುರಿಯಿತು. ತಾಡಪತ್ರಿ ಪಂಕ್ತಿಯ ಮೇಲೆ ಕುಸಿಯಿತು. ಹುಗ್ಗಿಯ ಹಂಡೆ ಮಗುಚಿತು. ವರನ ಕಾಕಾನ ಹೆಗಲಿಗೆ ಗಳ ಬಡಿದು, ರುಮಾಲು ಕೆಸರಿಗೆ ಬಿತ್ತು. ಹಂದರ ಬೀಳೂದು ಚಲೋ ಅಲ್ಲ ಎಂದು ಹೆಂಗಸರು ಗುಸುಗುಸು ಶುರು ಮಾಡಿದರು. ಅಕ್ಕ ಬಾಸಿಂಗ ಕಟ್ಟಿಕೊಂಡೇ ಅಳುತ್ತಿದ್ದಳು.

“ಕಣ್ಣ್ ಕಾಣದ ಮುದುಕರ ಕೈಲಿ ಯಾಕ್ರೀ ಕಟ್ಟಿಸಿದ್ರಿ?” ಎಂದರು ಬೀಗರು.

ಅಪ್ಪ ಅವರ ಮುಂದೆಯೇ ಮುತ್ಯಾನ ಮೇಲೆ ಹರಿಹಾಯ್ದ. “ಕೈಲಿ ಆಗಂಗಿಲ್ಲಂದ್ರ ಹೇಳಬೇಕಿಲ್ಲೋ ಅಪ್ಪಾ? ಮರ್ಯಾದಿ ಕಳದಿ.”

ಮುತ್ಯಾ ಕುಡುಗೋಲು ತಂದು ಗಂಟನ್ನು ಕೊಯ್ದ. ಅಂಗೈಯಲ್ಲಿಟ್ಟು ನೋಡಿದ. ಆಮೇಲೆ ತಲೆಯೆತ್ತಿ, ಅಷ್ಟು ಜನರ ನಡುವೆ, ಕಂಬದ ಹಿಂದೆ ನಿಂತ ನನ್ನನ್ನು ನೋಡಿದ. ಮುಷ್ಟಿ ಮುಚ್ಚಿಕೊಂಡ.

“ಹೌದಪ್ಪಾ. ನನ್ನ ಕೈಲೇ ತಪ್ಪಾಗ್ಯದ. ಕಣ್ಣ್ ಮೊದಲಿನಂಗ ಇಲ್ಲ” ಎಂದ.

ನಾನು ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟಿದ್ದರೆ ಎರಡು ಏಟು ಬೀಳುತ್ತಿದ್ದವು, ಅಷ್ಟೇ. ಆ ಎರಡು ಏಟಿಗೆ ಹೆದರಿ ಅವನ ಹೆಸರನ್ನು ನೀರಿಗೆ ಬಿಟ್ಟೆ.

ಮುಂದಿನ ಬೇಸಿಗೆಗೆ ನೀಲಾಳ ಅಣ್ಣನ ಮದುವೆ. ಅವರು ನೈಲಾನ್ ಹಗ್ಗ ತಂದರು, ಮುತ್ಯಾನನ್ನು ಕರೆದದ್ದು ಊಟಕ್ಕೆ ಮಾತ್ರ. ಅವನು ಹೋಗಿ ಹಂದರದ ಅಡಿ ಕುಳಿತು, ಆಗಾಗ ತಲೆಯೆತ್ತಿ ಗಂಟುಗಳನ್ನು ನೋಡುತ್ತಿದ್ದ. ಆಮೇಲಿನ ಅವನ ಹಗ್ಗಗಳೆಲ್ಲ ಎತ್ತಿನ ಕೊರಳಿಗೇ ಹೋದವು. ಒಂದು ದಿನ ಕಟ್ಟೆಯ ಮೇಲೆ ನಾರು ಹೊಸೆಯುವಾಗ, ತುದಿ ಹಿಡಿದು ಕುಳಿತ ನನ್ನನ್ನು ಕೇಳಿದ: “ಗೌರಾ, ನನಗೇನರ ಹೇಳೂದದ ಏನವ್ವಾ?”

“ಏನಿಲ್ಲ ಮುತ್ಯಾ.”

“ಇರಲಿ ತಗೋ” ಎಂದು ಹೊಸೆಯುವುದನ್ನು ಮುಂದುವರಿಸಿದ. ಮತ್ತೆಂದೂ ಕೇಳಲಿಲ್ಲ.

ಆ ಮಳೆಗಾಲ ಅವನು ತೀರಿಕೊಂಡ. ಅವನ ಹಳೆಯ ಅಂಗಿಯ ಕಿಸೆಯಲ್ಲಿ ಕಲ್ಲಿನಂತೆ ಒಣಗಿದ ಹಗ್ಗದ ಗಂಟೊಂದು ಸಿಕ್ಕಿತು. ‘ಇದೇನು ಇಟ್ಟಿದ್ದನೋ’ ಎಂದು ಅವ್ವ ಅದನ್ನು ಕಸದೊಂದಿಗೆ ಗುಡಿಸಿದಳು. ಆಗಲೂ ನಾನು ಸುಮ್ಮನಿದ್ದೆ.

ಈಗ ಮದುವೆಗೆ ಕಬ್ಬಿಣದ ಕಂಬಗಳು ಬರುತ್ತವೆ, ನಟ್ಟು ತಿರುಗಿಸಿದರೆ ಮುಗಿಯಿತು. ಪುಂಡಿಯನ್ನು ಶಹಾಬಾದಿನ ಸಂತೆಯಲ್ಲಿ ಸೊಪ್ಪಿಗಷ್ಟೇ ಕೊಳ್ಳುತ್ತೇವೆ, ನಾರು ಸುಲಿಯುವವರಿಲ್ಲ. ಮುತ್ಯಾನ ಗಂಟನ್ನು ಹಾಕಲು ಕೂತರೆ ನನ್ನ ಕೈ ಕುಣಿಕೆಯವರೆಗೆ ಹೋಗಿ ನಿಲ್ಲುತ್ತದೆ, ಮುಂದಿನದು ಮರೆತಿದೆ. ಅಪ್ಪ ಇಲ್ಲ, ಆ ಬೀಗರು ಇಲ್ಲ, ನೀಲಾ ಕೂಡ ಹೋದಳು. ಇನ್ನು ಯಾರ ಮುಂದೆ ಹೇಳಿ ಅವನ ಹೆಸರನ್ನು ತಿರುಗಿ ತರಲಿ? ಆದರೂ ಅವನು ಕೇಳಿದ್ದಕ್ಕೆ ಒಂದು ಉತ್ತರ ಬಾಕಿಯಿದೆ, ಇಲ್ಲಿ ಬರೆದಿಡುತ್ತೇನೆ. ಮುತ್ಯಾ, ಆ ಗಂಟು ನಂದು.