ಫೋಟೋ ದಾಟಿ ಓದೋದು

ಗಂಡ ಸತ್ತು ವರ್ಷ ಆಗೋ ಹೊತ್ತಿಗೆ ತಿಥಿ ಕಾರ್ಡು ಮಾಡಿಸೋಕೆ ಬ್ಯಾಟರಾಯನಪುರದ ಕಂಪ್ಯೂಟರ್ ಅಂಗಡಿಗೆ ನಾನೇ ಹೋದೆ. ಮಕ್ಕಳನ್ನು ಕಳಿಸಿದರೆ ನಾನು ಹೇಳಿದ ಸಾಲು ತೆಗೆದುಬಿಡ್ತಾರೆ. ಆ ಸಾಲು ನನ್ನ ವಾರಗಿತ್ತಿಗೆ. ಹೊಲದ ಗಡಿ ಕಲ್ಲಿಗೆ ಜಗಳ ಆಡಿ, ಹೆಣ ನೋಡೋಕೂ ಬಂದಿರಲಿಲ್ಲ. ತಿಥಿಗೂ ಬರದೇ ಹೋದರೆ ಎರಡು ಮನೆಗೂ ಅಲ್ಲಿಗೆ ಮುಗೀತು.

"ಮುನಿಸಿಕೊಂಡವರು ಬಾರದೆ ದೂರ ಇರಬೇಡಿ." ಇಷ್ಟೇ ಬರೆಸಿದ್ದು.

ಅಂಗಡಿ ಹುಡುಗಿ ಗಂಡನ ಫೋಟೋ ನಡುವೆ ಇಟ್ಟು ಅಕ್ಷರವನ್ನು ಆಚೆ ಈಚೆ ಹರಡಿದ್ದಳು. ನಾನು ಬೆರಳಿಟ್ಟು ಓದೋಳು. ಎಡಗಡೆ "ಮುನಿಸಿಕೊಂಡವರು". ಅದರ ಕೆಳಗೆ "ದೂರ". ಉಳಿದ "ಬಾರದೆ", "ಇರಬೇಡಿ" ಎರಡೂ ಫೋಟೋದ ಆಚೆ.

"ಏನವ್ವಾ ಇದು, ಮುನಿಸಿಕೊಂಡವರು ದೂರ ಅಂತ ಬರೆದಿದ್ದೀಯ?"

"ಅಜ್ಜೀ, ಫೋಟೋ ಸುತ್ತ ಅಕ್ಷರ ಹರಿಯೋ ಥರ ಮಾಡಿದ್ದೀನಿ. ಈಗೆಲ್ಲ ಹಿಂಗೇ."

"ಹರಿಯೋಕೆ ಅದೇನು ಮೋರಿ ನೀರಾ?"

"ಫೋಟೋ ದಾಟಿ ಓದ್ಬೇಕು ಅಜ್ಜೀ."

"ಸತ್ತ ಗಂಡನ ಮುಖ ದಾಟು ಅಂತೀಯ?"

ಓದು ಬಂದವರು ದಾಟಿಕೊಳ್ತಾರೆ, ನನಗೆ ಗೊತ್ತು. ಆದರೆ ವಾರಗಿತ್ತಿ ಅಕ್ಷರ ಕಲಿತದ್ದು ನನ್ನ ಜೊತೆಗೇ, ಶಾಲೆ ಜಗಲಿ ಮೇಲಿನ ಸಂಜೆ ಪಾಠದಲ್ಲಿ. ಅವಳ ಬೆರಳೂ ನನ್ನ ಬೆರಳಿನ ಹಾಗೇ ಕೆಳಕ್ಕೆ ಇಳಿಯುತ್ತೆ. ಮೈದುನನಿಗೆ ಓದು ಬರಲ್ಲ, ಅವಳೇ ಓದಿ ಹೇಳಬೇಕು. "ದೂರ" ಅನ್ನೋವರೆಗೆ ಓದಿ ಕಾರ್ಡು ಒಲೆಗೆ ಹಾಕೋಳು ಅವಳು.

"ಫೋಟೋ ಮೇಲಕ್ಕೆ ಹಾಕು. ಅಕ್ಷರ ಎಲ್ಲ ಕೆಳಗೆ, ಒಂದೇ ಸಾಲಲ್ಲಿ."

"ಹಳೇ ಕಾಲದ ಥರ ಕಾಣುತ್ತೆ."

"ಸತ್ತೋನು ಹಳೇ ಕಾಲದೋನೇ."

ಹುಡುಗಿ ಮುಖ ಊದಿಸಿಕೊಂಡೇ ಫೋಟೋ ಮೇಲಕ್ಕೆ ಎಳೆದಳು. ಅಕ್ಷರಗಳು ತಾವಾಗೇ ಬಂದು ಕೂಡಿಕೊಂಡವು. ನಾನು ಕಂಪ್ಯೂಟರ್ ಗಾಜಿನ ಮೇಲೆ ಬೆರಳಿಟ್ಟು ಎರಡು ಸಲ ಓದಿಯೇ ಎದ್ದದ್ದು.

ತಿಥಿ ದಿನ ಎಡೆ ಇಟ್ಟ ಮೇಲೆ ವಾರಗಿತ್ತಿ ಬಂದಳು, ಹಿಂದೆ ಮೈದುನ. ಕಾರ್ಡು ಸೆರಗಲ್ಲಿ ಗಂಟು ಕಟ್ಟಿಕೊಂಡಿದ್ದಳು. ಬಿಚ್ಚಿ, ಆ ಸಾಲಿನ ಮೇಲೆ ಬೆರಳಿಟ್ಟಳು.

"ಅಕ್ಕಾ, ಮುನಿಸಿಕೊಂಡವರು ಅಂದ್ರೆ ನಾನೇಯಾ?"

"ಮತ್ತಿನ್ಯಾರು?"

"ಊರಿಗೆಲ್ಲಾ ಇಂಗೇ ಅಂಚಿದ್ದೀಯಾ?"

"ಊರಿಗೆಲ್ಲಾ."

ಅವಳು ಕಾರ್ಡು ಮಡಚಿ ಮತ್ತೆ ಗಂಟು ಹಾಕಿದಳು. ಊಟದ ಸಾಲಲ್ಲಿ ಕೂತು ಅವರೆಕಾಳು ಸಾರು ಎರಡು ಸಲ ಹಾಕಿಸಿಕೊಂಡಳು. ಉಪ್ಪು ಕಮ್ಮಿ ಅಂದಳು. ಕಮ್ಮಿಯೇ ಆಗಿತ್ತು.