ಸಕ್ಕರೆ ಪಾಕದ ನಕ್ಷತ್ರಗಳು

ಬೆಳ್ತಿಗೆ ಎಂಬ ಬಿಳಿ ಅಕ್ಕಿ ಬೇಯುವ ವಾಸನೆಗೂ ಹಸಿವಿಗೂ ನನ್ನ ಮಟ್ಟಿಗೆ ಸಂಬಂಧವಿಲ್ಲ. ನಿಟ್ಟೆಯಲ್ಲಿ ನಾನಿರುವ ಪೀಜಿಯ ಅಡುಗೆಮನೆಯಿಂದ ಆ ಬಿಸಿ, ಸಪ್ಪೆ ವಾಸನೆ ಮೆಟ್ಟಿಲು ಹತ್ತಿ ಬಂದ ಬೆಳಿಗ್ಗೆಯೆಲ್ಲ ನಾನು ಬೆಳ್ಮಣ್ಣಿನ ಸೆವ್ರಿನ್ ಬಾಯಿಯ ಜಗಲಿಯಲ್ಲಿ ಇರುತ್ತೇನೆ. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಿ ಎಂದೇ ಕರೆಯುವುದು. ಕೆಂಪು ಸಾರಣೆಯ ತಣ್ಣನೆ ಜಗಲಿ, ಅದರ ಒಂದು ಮೂಲೆಯಲ್ಲಿ ಕಾಲು ಮುರಿದ ಹೊಲಿಗೆ ಮೆಷಿನ್, ಶನಿವಾರ ಮಧ್ಯಾಹ್ನ ಸುತ್ತ ಕೂತ ಏಳು ಜನ, ಏಳು ಕ್ರೋಶಾ ಕಡ್ಡಿ. ನಮ್ಮದು ಕ್ರೋಶಾ ಕ್ಲಬ್. ಬಾಯಿ, ನನ್ನ ಅಮ್ಮ, ಮೀನು ಮಾರಿ ಬಂದು ಕೈಗೆ ಮೂರು ಸಲ ಸೋಪು ಹಚ್ಚಿ ಕೂರುತ್ತಿದ್ದ ಸುಗಂಧಿಯಕ್ಕ, ಇನ್ನು ಮೂವರು, ಮತ್ತು ಹದಿಮೂರು ವರ್ಷದ ನಾನು. ಕೈ ಒಂದು ಕಡೆ, ನಾಲಿಗೆಗೆ ಬಂದ ಮಾತು ಇನ್ನೊಂದು ಕಡೆ. ತುಳು, ಕೊಂಕಣಿ, ಕನ್ನಡ ಮೂರೂ ಒಂದೇ ದಾರದಲ್ಲಿ ಸೇರಿ ಬರುತ್ತಿದ್ದವು. ನಿಮಗೂ ಅಂಥದ್ದೊಂದು ಜಗಲಿ ಇದ್ದಿರಬಹುದು. ಇದ್ದರೆ, ಅದು ಈಗ ಇಲ್ಲ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ.

ವರ್ಷವಿಡೀ ಮೇಜಿನ ಹಾಸು, ಮಗುವಿನ ಟೊಪ್ಪಿ ಎಂದು ಏನೇನೋ ಹೆಣೆದರೂ ಕ್ಲಬ್ಬಿನ ಉಸಿರು ಇದ್ದದ್ದು ಡಿಸೆಂಬರಿನಲ್ಲಿ. ಊರಿನ ಮೈದಾನದಲ್ಲಿ ಎಲ್ಲ ಜಾತಿಯವರೂ ಸೇರಿ ಮಾಡುವ ಸೌಹಾರ್ದ ಕ್ರಿಸ್ಮಸ್‌ಗೆ ಮರ ಸಿಂಗರಿಸುವ ಕೆಲಸ ನಮ್ಮದು. ಕಾಪು ಕಡಲ ಬದಿಯಿಂದ ಗಾಳಿಮರದ ದೊಡ್ಡ ಗೆಲ್ಲೊಂದು ಟೆಂಪೋದಲ್ಲಿ ಬರುತ್ತಿತ್ತು. ಅದಕ್ಕೆ ಬಿಳಿ ದಾರದಲ್ಲಿ ಹೆಣೆದ ಇನ್ನೂರು ಮುನ್ನೂರು ನಕ್ಷತ್ರ. ಹೆಣೆದ ನಕ್ಷತ್ರ ತಾನಾಗಿ ನಿಲ್ಲುವುದಿಲ್ಲ, ಅದನ್ನು ಗಂಜಿತಿಳಿಯಲ್ಲಿ ಅದ್ದಿ, ಕೇರಂ ಬೋರ್ಡಿನ ಮೇಲೆ ಮೂಲೆಮೂಲೆಗೆ ಗುಂಡುಸೂಜಿ ಚುಚ್ಚಿ ಒಣಗಿಸಬೇಕು. ಮನೆಯಲ್ಲಿ ಉಣ್ಣುವ ಕುಚ್ಚಲಕ್ಕಿಯ ತಿಳಿ ಆಗದು, ದಾರ ಕೆಂಪಾಗುತ್ತದೆ. ಹಾಗಾಗಿ ನಕ್ಷತ್ರಗಳಿಗೆಂದೇ ಬಾಯಿ ಬೇರೆ ಪಾತ್ರೆಯಲ್ಲಿ ಬೆಳ್ತಿಗೆ ಇಡುತ್ತಿದ್ದರು.

ಗಂಜಿಗೆ ಒಂದು ದೋಷ ಇತ್ತು. ರಾತ್ರಿಯ ಮಂಜು ಬಿದ್ದರೆ ನಕ್ಷತ್ರಗಳು ಬಾಡುತ್ತಿದ್ದವು. ಒಂದು ವರ್ಷ ಎರಡನೆಯ ದಿನ ಬೆಳಿಗ್ಗೆ ಸಮಿತಿಯ ಅಧ್ಯಕ್ಷರು ಮರದ ಕೆಳಗೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ಬಾಯಿ, ಇದೆಂತ ನಕ್ಷತ್ರವಾ, ಒಣಗಲಿಕ್ಕೆ ಹಾಕಿದ ಬಂಗುಡೆಯಾ?"

"ಬಂಗುಡೆ ನೇತು ಹಾಕಿ ಒಣಗಿಸುದಲ್ಲ," ಎಂದರು ಸುಗಂಧಿಯಕ್ಕ. "ಗೊತ್ತಿಲ್ಲದಿದ್ರೆ ನನ್ನ ಹತ್ರ ಕೇಳಿ."

ಎಲ್ಲರೂ ನಕ್ಕರು, ಅಧ್ಯಕ್ಷರೂ ನಕ್ಕರು. ಆದರೆ ಹೋಗುವಾಗ, ಬರುವ ವರ್ಷವೂ ಹೀಗಾದರೆ ಉಡುಪಿಯಿಂದ ಪ್ಲಾಸ್ಟಿಕ್ ಮರ ತರುವುದೇ ಎಂದು ಹೇಳಿಯೇ ಹೋದರು. ಬಾಯಿ ನಗಲಿಲ್ಲ. ಮರ ಹೋದರೆ ಕ್ಲಬ್ ಹೋಗುತ್ತದೆ ಎಂದು ಅವರಿಗೆ ಆಗಲೇ ಗೊತ್ತಿತ್ತು.

ಆ ಹೊತ್ತಿಗೆ ನಾನು ಶಾಲೆಯ ಚರ್ಚಾ ಸ್ಪರ್ಧೆಗಳಲ್ಲಿ ತಾಲೂಕು ಮಟ್ಟಕ್ಕೆ ಹೋಗಿ ಬಂದವಳು. ಕೊಟ್ಟ ವಿಷಯದ ಪರವೂ ವಿರುದ್ಧವೂ ಒಂದೇ ಉಸಿರಿನಲ್ಲಿ ಮಾತಾಡಬಲ್ಲೆ ಎಂಬ ಕೊಬ್ಬು ತಲೆಗೆ ಹತ್ತಿತ್ತು. ಸಕ್ಕರೆ ಪಾಕದಲ್ಲಿ ಅದ್ದಿದರೆ ದಾರ ಗಾಜಿನ ಹಾಗೆ ಗಟ್ಟಿಯಾಗುತ್ತದೆ ಎಂದು ಯಾವುದೋ ಪುಸ್ತಕದಲ್ಲಿ ಓದಿ, ಮುಂದಿನ ನವೆಂಬರಿನಲ್ಲಿ ಜಗಲಿಯಲ್ಲಿ ಮಂಡಿಸಿದೆ.

"ಇರುವೆ ಬರ್ತದೆ ಮಗಾ," ಎಂದರು ಬಾಯಿ.

"ಆಧಾರ ಎಂತ ಉಂಟು? ನೀವು ನೋಡಿದ್ದೀರಾ?"

"ಸಕ್ಕರೆಗೆ ಇರುವೆ ಬರ್ತದೆ ಅಂತ ಹೇಳ್ಲಿಕ್ಕೆ ಆಧಾರ ಬೇಕಾ ಮಾರಾಯ್ತಿ?" ಎಂದರು ಅಮ್ಮ.

ಡಬ್ಬಿಯ ಸಕ್ಕರೆ ಬೇರೆ, ಕಾಯಿಸಿ ಗಟ್ಟಿಯಾದ ಪಾಕ ಬೇರೆ ಎಂದೆ. ಕಡಿದು ತಂದ ಗೆಲ್ಲಿನಲ್ಲಿ ಇರುವೆಯ ಗೂಡು ಎಲ್ಲಿಂದ ಎಂದೆ. ಗಂಜಿ ಸೋತದ್ದು ಊರೇ ಕಂಡ ಸತ್ಯ, ಇರುವೆ ಬರೀ ಊಹೆ ಎಂದೆ. ಕೊನೆಗೆ ಕೈ ಎತ್ತಿಸಿದೆ. ನನ್ನ ಕಡೆ ಐವರು. ಅಮ್ಮ ಮತ್ತು ಬಾಯಿ ಮಾತ್ರ ಎತ್ತಲಿಲ್ಲ. ಬಾಯಿ ಎದ್ದು ಒಳಗೆ ಹೋಗಿ, ಸೋತವರೇ ಸಕ್ಕರೆ ಡಬ್ಬಿ ತಂದಿಟ್ಟರು.

ನಿಜ ಹೇಳಬೇಕೆಂದರೆ ಆ ವರ್ಷದಷ್ಟು ಚಂದದ ಮರವನ್ನು ನಾನು ಮತ್ತೆ ಕಂಡಿಲ್ಲ. ಮೊದಲ ಸಂಜೆ ದೀಪ ಹಾಕಿದಾಗ ಒಂದೊಂದು ನಕ್ಷತ್ರವೂ ಮಿಂಚಿತು. ಅಧ್ಯಕ್ಷರು ಮೈಕಿನಲ್ಲಿ ಕ್ಲಬ್ಬಿನ ಹೆಸರು ಎರಡು ಸಲ ಹೇಳಿದರು. ಬಾಯಿ ನನ್ನ ಜಡೆ ಮೆಲ್ಲಗೆ ಎಳೆದು, "ನೀನೇ ಸರಿ," ಎಂದರು.

ರಾತ್ರಿ ಮಂಜು ಬಿತ್ತು. ಗಂಜಿಯನ್ನು ಬಾಡಿಸಿದ ಮಂಜು ಪಾಕವನ್ನು ಕರಗಿಸಿತು. ಬೆಳಗಿನ ಹೊತ್ತಿಗೆ ಮೈದಾನದ ಕೆಂಪಿರುವೆಯೆಲ್ಲ ಮರದಲ್ಲಿತ್ತು. ಕೆಳಗೆ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ, ಹುಲ್ಲಿನ ಮೇಲೂ ಪಾಕ ತೊಟ್ಟಿಕ್ಕಿ, ಮಣ್ಣಿನ ಬಾಲಯೇಸುವಿನ ಮುಖದ ಮೇಲೆ ಇರುವೆಯ ಸಾಲು ಹರಿದಾಡುತ್ತಿತ್ತು. ಕ್ಯಾರಲ್ ಹಾಡಲು ಬಂದ ಮಕ್ಕಳು ಕಾಲು ಕೆರೆದುಕೊಂಡು ಅಳತೊಡಗಿದರು. ಅಧ್ಯಕ್ಷರು ಈ ಸಲ ತಮಾಷೆ ಮಾಡಲಿಲ್ಲ.

"ಯಾರ ತಲೆ ಇದು, ಬಾಯಿ?"

"ನನ್ನದೇ," ಎಂದರು ಬಾಯಿ. "ಪ್ರಾಯ ಆಯ್ತಲ್ಲ, ಯೋಚನೆ ಬರ್ಲಿಲ್ಲ."

ನಾನು ಮೂರು ಮಾರು ದೂರದಲ್ಲಿದ್ದೆ. ವಾದಗಳೂ ಸಿದ್ಧವಾಗಿದ್ದವು. ಮಂಜು ಬೀಳುವುದು ನಮ್ಮ ಕೈಯಲ್ಲಿಲ್ಲ, ಬಹುಮತದ ತೀರ್ಮಾನಕ್ಕೆ ಒಬ್ಬರು ಹೊಣೆಯಲ್ಲ, ಹೀಗೆ. ಬೇಕಾಗಿದ್ದದ್ದು "ನಾನು" ಎಂಬ ಒಂದು ಮಾತು. ಅದು ಬರಲಿಲ್ಲ. ಅಮ್ಮ ನನ್ನ ಮುಖ ನೋಡಿದರು, ನಾನು ವೇದಿಕೆ ನೋಡಿದೆ. ಮರವನ್ನು ವೇದಿಕೆಯ ಹಿಂದಕ್ಕೆ ಎಳೆದು ಹಾಕಿದ ಮೇಲೆ ಬಾಯಿ ಅಲ್ಲೇ ಕುಕ್ಕರುಗಾಲಲ್ಲಿ ಕೂತು, ಮೊಣಕೈವರೆಗೂ ಇರುವೆ ಕಚ್ಚಿಸಿಕೊಳ್ಳುತ್ತ, ನಕ್ಷತ್ರಗಳನ್ನು ಒಂದೊಂದಾಗಿ ಬಿಡಿಸಿ ನೀರಿನ ಬಕೆಟ್ಟಿಗೆ ಹಾಕಿದರು.

ಮರುವರ್ಷ ಪ್ಲಾಸ್ಟಿಕ್ ಮರ ಬಂತು. ಈಗಲೂ ಅದೇ ಬರುತ್ತದೆ, ಗೋಣಿಯಿಂದ ತೆಗೆದು ಬಿಚ್ಚಿ ನಿಲ್ಲಿಸಿದರಾಯಿತು. ಜಗಲಿಯಲ್ಲಿ ಕೆಲವು ಶನಿವಾರ ಸೇರಿದೆವು. ಕೈಗಳಿಗೆ ಹೆಣೆಯಲು ದಾರ ಇತ್ತು, ಯಾಕೆ ಹೆಣೆಯಬೇಕು ಎಂಬುದು ಇರಲಿಲ್ಲ. ಸುಗಂಧಿಯಕ್ಕ ಬರುವುದು ಬಿಟ್ಟರು, ಆಮೇಲೆ ನಾವೂ. ರಸ್ತೆ ಅಗಲವಾದಾಗ ಜಗಲಿ ಹೋಯಿತು, ಹಿಂದೆ ಉಳಿದ ಎರಡು ಕೋಣೆಗಳನ್ನು ಬಾಯಿ ತೀರಿಕೊಂಡ ಮೇಲೆ ಕೆಡವಿದರು.

ತೀರಿಕೊಳ್ಳುವ ಮುಂಚೆ ಒಮ್ಮೆ ಕಾರ್ಕಳದ ಆಸ್ಪತ್ರೆಗೆ ನೋಡಲು ಹೋಗಿದ್ದೆ. "ಈಗಲೂ ಚರ್ಚೆ ಮಾಡ್ತೀಯಾ?" ಎಂದು ಕೇಳಿದರು. ಮಾಡುತ್ತೇನೆ ಎಂದೆ, ರಾಜ್ಯಮಟ್ಟದಲ್ಲಿ ಗೆದ್ದ ಕಥೆಯನ್ನು ಅರ್ಧ ಗಂಟೆ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಆ ಅರ್ಧ ಗಂಟೆಯಲ್ಲಿ ಹೇಳಬೇಕಾದದ್ದನ್ನು ಹೇಳಲು ಅರ್ಧ ನಿಮಿಷ ಸಾಕಿತ್ತು.

ಸತ್ತವರನ್ನು ಮತ್ತೆ ಕಾಣುತ್ತೇವೆ ಎಂದು ಬಾಯಿ ನಂಬಿದ್ದರು. ಹಾಗೆ ನಂಬುವವರಿಗೆ ತಡವಾಗಿಯಾದರೂ ತಪ್ಪೊಪ್ಪಿಕೊಳ್ಳಲು ಒಂದು ಜಾಗ ಉಂಟು. ಆ ನಂಬಿಕೆಯ ವಿರುದ್ಧ ಮಾತಾಡಿ ಎರಡು ಬಹುಮಾನ ತಂದವಳು ನಾನು. ಇಂದಿಗೂ ನನ್ನ ಆ ವಾದದಲ್ಲಿ ನನಗೆ ಒಂದು ಬಿರುಕೂ ಸಿಕ್ಕಿಲ್ಲ. ಹುಡುಕಿಲ್ಲವೆಂದಲ್ಲ.