ಪರದೆಯ ಮೇಲಿನ ಹೆಸರು

ನಮ್ಮ ಹಸ್ಸಾತು ಊಟಕ್ಕೆ ಕೂತರೂ ಒಂದು ಕಾಲು ಬಾಗಿಲ ಹೊರಗೇ ಇರುತ್ತದೆ. ಲಾಬೆ ಊರಿನ ಆಸ್ಪತ್ರೆಯಲ್ಲಿ ನಾನು ಚೀಟಿ ಕೊಡುವವನು. ಸರದಿ ಬಂದವರ ಹೆಸರು ತೋರಿಸುವ ಪರದೆಗೆ ಪ್ರೋಗ್ರಾಮ್ ಬರೆದವಳು ಅವಳು. ನಮ್ಮ ಭಾಷೆ ಬರೆಯುವ ಆದ್ಲಾಮ್ ಲಿಪಿ ಬಲದಿಂದ ಎಡಕ್ಕೆ, ಅಕ್ಷರಕ್ಕೆ ಅಕ್ಷರ ಕೂಡಿಕೊಂಡು ಸಾಗುತ್ತದೆ. ಪರದೆಯಲ್ಲಿ ಅಕ್ಷರ ಮೂಡಿಸಲು ಸಿದ್ಧವಾಗಿ ಸಿಗುವ ಪಠ್ಯಚೌಕಟ್ಟುಗಳೆಲ್ಲ ಅದನ್ನು ಚೂರುಚೂರು ಮಾಡಿ ತಿರುಗುಮುರುಗಾಗಿ ತೋರಿಸುತ್ತಿದ್ದವು. ಹಾಳಾಗಿ ಹೋಗಲಿ ಎಂದು ನಾಲ್ಕು ತಿಂಗಳು ಹೆಣಗಿ ತನ್ನದೇ ಚೌಕಟ್ಟು ಕಟ್ಟಿದಳು.

ಮೊದಲ ದಿನ ಪರದೆಯಲ್ಲಿ ಯೆರೊ ಸಿದಿಬೆ ಎಂಬ ಹೆಸರು ಮೂಡಿತು. ಯಾರೂ ಏಳಲಿಲ್ಲ. ಹಸ್ಸಾತು ಲ್ಯಾಪ್‌ಟಾಪ್ ತೆರೆದು ಅಕ್ಷರ ಹಿಗ್ಗಿಸಿದಳು, ಬಣ್ಣ ಬದಲಿಸಿದಳು, ಉಗುರು ಕಚ್ಚಿದಳು. ಮುಂದಿನ ಬೆಂಚಿನಲ್ಲಿ ಕುಂಬಾ ಎಂಬ ಮುದುಕಿ ಓದುಬಾರದ ಗಂಡನನ್ನು ಮೊಣಕೈಯಿಂದ ತಿವಿಯುತ್ತಲೇ ಇದ್ದಳು.

ಹಸ್ಸಾತು ಅವಳ ಬಳಿಗೇ ಓಡಿದಳು. "ಅಜ್ಜಿ, ನಿಮಗೆ ಓದೋಕೆ ಬರುತ್ತಲ್ವಾ? ಅಕ್ಷರ ಒಡೆದುಹೋಗಿದೆಯಾ?"

"ಮುತ್ತಿನಂಗಿದೆ ಕಣಮ್ಮ."

"ಮತ್ತೆ ಯಾರ ಹೆಸರು ಅಂತ ಕೂಗಿ ಹೇಳಬಾರದಾ?"

"ಸರಿಹೋಯ್ತು! ಕಟ್ಟಿಕೊಂಡವನ ಹೆಸರು ಬಾಯಲ್ಲಿ ಹೇಳು ಅಂತೀಯಲ್ಲ, ನಿನ್ನ ಹೆತ್ತವಳು ಇದನ್ನೇ ಕಲಿಸಿದ್ದಾ?"

ಬೆಂಚಿಗೆ ಬೆಂಚೇ ನಕ್ಕಿತು. ಮುದುಕ ಬೆಚ್ಚಿ ಎದ್ದು, "ನಂದಾ? ಮೊದಲೇ ಹೇಳೋದಲ್ವೇನೇ!" ಎಂದು ಗೊಣಗುತ್ತಾ ಒಳಗೆ ಹೋದ.

ಹಸ್ಸಾತು ಮಾತ್ರ ನಗಲಿಲ್ಲ. ಚೌಕಟ್ಟನ್ನು ಪರೀಕ್ಷಿಸಲೆಂದು ತಾನು ಬರೆದಿದ್ದ ಇನ್ನೂರು ಹೆಸರುಗಳ ಪಟ್ಟಿ ತೆರೆದು ಮೇಲಿಂದ ಕೆಳಗೆ ಎರಡು ಸಲ ಓದಿದಳು. ಅವಳ ಗುರುತಿನವರೆಲ್ಲ ಅದರಲ್ಲಿದ್ದರು. ಅವಳ ಗಂಡನ ಹೆಸರೊಂದೇ ಇರಲಿಲ್ಲ.